ನಾಲ್ಕು ಹೆಸರಿನ ಊರಲ್ಲಿ ನಡೆದು ನೋಡಿ

ಮಂಗಳೂರಿನ ಇತಿಹಾಸ ಅಂದ ಕೂಡಲೇ ನಮ್ಮ ಸ್ಟುಡಿಯೋಗಳಲ್ಲಿ ಒಂದು ಡಿಬೇಟ್ ರೆಡಿ ಇರುತ್ತದೆ. ಟಿಪ್ಪು ಹೀರೋನಾ, ವಿಲನ್ನಾ? ಸ್ಕ್ರೀನ್ ಮೇಲೆ ಆರು ಕಿಟಕಿ, ಆರು ಬಾಯಿ, ನಡುವೆ ನಾನು. ಒಂದು ಗಂಟೆ ಮುಗಿಯುವ ಹೊತ್ತಿಗೆ ಯಾರೂ ಕೂತ ಜಾಗದಿಂದ ಒಂದಿಂಚು ಕದಲಿರುವುದಿಲ್ಲ. ಇದೇ ಪ್ರಶ್ನೆ ಇಟ್ಟುಕೊಂಡು ಒಂದು ದಿನ ಆ ಊರಲ್ಲಿ ನಡೆಯಿರಿ. ನದಿ ದಡದಲ್ಲಿ ಶುರು ಮಾಡಿ, ಗುಡ್ಡ ಹತ್ತಿ ಮುಗಿಸಿ. ಉತ್ತರ ಇಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ಊರಿನ ಹೆಸರನ್ನೇ ತಗೊಳ್ಳಿ. ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ. ಒಂದೇ ರಿಕ್ಷಾ ಸ್ಟ್ಯಾಂಡಿನಲ್ಲಿ ನಾಲ್ಕೂ ಹೆಸರು ಕಿವಿಗೆ ಬೀಳಬಹುದು. ಯಾರಿಗೂ ಗೊಂದಲ ಆಗುವುದಿಲ್ಲ.

ಮೊದಲು ಬೋಳೂರಿನ ಸುಲ್ತಾನ್ ಬತ್ತೇರಿ. ಫಲ್ಗುಣಿ ನದಿಯ ದಡದಲ್ಲಿ ಕಪ್ಪು ಕಲ್ಲಿನ ಕಾವಲು ಬುರುಜು. ಶತ್ರುಗಳ ಯುದ್ಧನೌಕೆ ನದಿಯೊಳಗೆ ನುಗ್ಗಬಾರದು ಅಂತ 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಗೋಡೆಯಲ್ಲಿ ತುಪಾಕಿ ಇಡುವ ಕಿಂಡಿಗಳು, ಕೆಳಗೆ ಮದ್ದಿನ ಕೋಣೆ. ಆ ವರ್ಷ ನೆನಪಿಟ್ಟುಕೊಳ್ಳಿ. ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಟಿಪ್ಪು ಇಂಗ್ಲಿಷರಿಂದ ಮಂಗಳೂರು ಕೋಟೆ ಬಿಡಿಸಿಕೊಂಡದ್ದು 1784ರ ಜನವರಿಯಲ್ಲಿ. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ. ಇಂಗ್ಲಿಷ್ ಕಂಪನಿಯ ಪ್ರತಿನಿಧಿಗಳು ಟಿಪ್ಪು ಇದ್ದಲ್ಲಿಗೇ ಬಂದು ಸಹಿ ಹಾಕಿದರು. ಪಠ್ಯಪುಸ್ತಕದಲ್ಲಿ ನಾವೆಲ್ಲ ಓದಿದ್ದು ಇಷ್ಟು.

ಅಲ್ಲಿಂದ ಹಳೇ ಬಂದರಿಗೆ ಬನ್ನಿ. ನೇತ್ರಾವತಿ, ಫಲ್ಗುಣಿ ಎರಡೂ ಸಮುದ್ರ ಸೇರುವ ಜಾಗ. ನದಿ ತಂದು ಸುರಿಯುವ ಮರಳಿನಿಂದ ಅಳಿವೆ ಬಾಯಿ ಹೂಳುತ್ತದೆ, ದೊಡ್ಡ ಹಡಗು ಒಳಗೆ ಬರುವುದಿಲ್ಲ. ಅದಕ್ಕೇ 1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಬಂತು. ಆದರೂ ಹಳೇ ದಕ್ಕೆ ಸತ್ತಿಲ್ಲ. ಮೀನಿನ ಬೋಟುಗಳಿವೆ, ಲಕ್ಷದ್ವೀಪಕ್ಕೆ ಸರಕು ಇಲ್ಲಿಂದಲೇ ಹೋಗುತ್ತದೆ. ಹತ್ತಿರದಲ್ಲೇ ಝೀನತ್ ಬಕ್ಷ್ ಮಸೀದಿ. ಕ್ರಿ.ಶ. 644ರಲ್ಲಿ ಅರಬ್ ವ್ಯಾಪಾರಿಗಳ ಕಾಲದಲ್ಲಿ ಕಟ್ಟಿದ್ದೆಂದು ಪ್ರತೀತಿ. ಕೆತ್ತನೆಯ ಮರದ ಕಂಬಗಳೇ ಇದರ ಸೊಬಗು. ಟಿಪ್ಪು ಜೀರ್ಣೋದ್ಧಾರ ಮಾಡಿಸಿ ಮಗಳ ಹೆಸರಿಟ್ಟ ಎನ್ನುತ್ತಾರೆ. ಇನ್ನು ಸ್ವಲ್ಪ ನಡೆದರೆ ರೊಸಾರಿಯೊ ಚರ್ಚ್, 1568ರಲ್ಲಿ ಪೋರ್ಚುಗೀಸರು ಶುರು ಮಾಡಿದ್ದು. ಕಾರ್‌ಸ್ಟ್ರೀಟಿಗೆ ತಿರುಗಿದರೆ ವೆಂಕಟರಮಣ ದೇವಸ್ಥಾನ, ಮಲ್ಲಿಗೆಯ ಪರಿಮಳ.

ಈಗ ಹಂಪನಕಟ್ಟೆ. ಬಸ್ಸಿನ ಹಾರ್ನು, ಜನಜಂಗುಳಿ, ಅದರ ಮಧ್ಯೆ ಮಿಲಾಗ್ರಿಸ್ ಚರ್ಚ್. ಮೊದಲ ಚರ್ಚ್ ಇಲ್ಲಿ ಎದ್ದದ್ದು 1680ರಲ್ಲಿ. ಅದನ್ನು ಕೆಡವಿದ್ದು ಯಾವಾಗ ಗೊತ್ತಾ? 1784ರಲ್ಲೇ. ಇಂಗ್ಲಿಷರಿಗೆ ನೆರವಾದರು ಎಂಬ ಆರೋಪದ ಮೇಲೆ ಕರಾವಳಿಯ ಕ್ಯಾಥೋಲಿಕರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಹೆಂಗಸರು, ಮಕ್ಕಳು, ಮುದುಕರು ಅಂತ ನೋಡಲಿಲ್ಲ. ಎಷ್ಟೋ ಜನ ದಾರಿಯಲ್ಲೇ ಸತ್ತರು. ಬದುಕಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ, ಟಿಪ್ಪು ಸತ್ತ ಮೇಲೆ. ಹದಿನೈದು ವರ್ಷ! ಈಗ ನಿಂತಿರುವ ಚರ್ಚ್ ಆಮೇಲೆ ಕಟ್ಟಿದ್ದು.

ಅಂದರೆ ಬತ್ತೇರಿ ಕಟ್ಟಿದ, ಒಪ್ಪಂದಕ್ಕೆ ಸಹಿ ಬಿದ್ದ, ಚರ್ಚ್ ಕೆಡವಿದ ವರ್ಷ ಒಂದೇ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಆಟೋದಲ್ಲಿ ಕಾಲು ಗಂಟೆ. ಡಿಬೇಟಿನಲ್ಲಿ ಒಬ್ಬರು ಬತ್ತೇರಿ ತೋರಿಸುತ್ತಾರೆ, ಇನ್ನೊಬ್ಬರು ಚರ್ಚ್ ತೋರಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಮತ್ತೊಬ್ಬರು ತೋರಿಸಿದ್ದನ್ನು ನೋಡಲು ತಯಾರಿಲ್ಲ. ಸಮಸ್ಯೆ ಇರುವುದು ಅಲ್ಲಿ.

ಇನ್ನು ಬಾವುಟಗುಡ್ಡೆಯ ಏರು. ಬೆವರು ಒರೆಸಿಕೊಂಡೇ ಹತ್ತಬೇಕು. ಇಲ್ಲೂ ಎರಡು ಹೆಸರು. ಇಂಗ್ಲಿಷ್ ಬಲ್ಲವರಿಗೆ ಲೈಟ್‌ಹೌಸ್ ಹಿಲ್. ಬಾವುಟ ಅನ್ನೋದಕ್ಕೆ ಕಾರಣ 1837ರ ಏಪ್ರಿಲ್. 1834ರಲ್ಲಿ ಕಂಪನಿ ಕೊಡಗನ್ನು ನುಂಗಿತ್ತು, ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತ್ತು. ಭತ್ತದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ತನ್ನಿ ಅಂದರೆ ರೈತ ಎಲ್ಲಿಂದ ತರಬೇಕು? ಕೆದಂಬಾಡಿ ರಾಮಯ್ಯಗೌಡರಂಥವರ ಮುಂದಾಳತ್ವದಲ್ಲಿ ರೈತರು ಮಂಗಳೂರಿಗೇ ದಂಡೆತ್ತಿ ಬಂದರು. ಈ ಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿದರು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ನೆನಪಿರಲಿ, ಇದು 1857ಕ್ಕಿಂತ ಇಪ್ಪತ್ತು ವರ್ಷ ಮೊದಲು. ಆಮೇಲೆ ಬಂದದ್ದು ನೇಣು. ಅದಕ್ಕೆ ಉಳಿದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’, ಅಂದರೆ ಪುಂಡಾಟ. ರಾಮಯ್ಯಗೌಡರ ಪ್ರತಿಮೆ ಈ ಗುಡ್ಡದ ಮೇಲೆ ನಿಂತದ್ದು 2022ರಲ್ಲಿ.

ಮೇಲಿನಿಂದ ಕೆಳಗೆ ನೋಡಿದರೆ ಕಾಂಕ್ರೀಟಿನ ಮಧ್ಯೆ ಅಲ್ಲಲ್ಲಿ ಕೆಂಪು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಇಂಜಿನಿಯರಿಂಗ್ ಓದಿದವನಾಗಿ ಹೇಳುತ್ತೇನೆ, ಒಳ್ಳೆಯ ಡಿಸೈನ್ ಅಂದರೆ ಅದು. ಒಂದು ಹೆಂಚಿನ ಅಂಚು ಇನ್ನೊಂದರ ತೋಡಿಗೆ ಕೂರುತ್ತದೆ. ಎಂಥ ಮಳೆಗೂ ನೀರು ಕೆಳಕ್ಕೇ ಜಾರುತ್ತದೆ.

ಅದೇ ಮಿಷನ್ನಿನ ಬಲ್ಮಠದ ಗುಡ್ಡ ಕೊನೆಯ ನಿಲ್ದಾಣ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನಲ್ಲಿ ಮುದ್ರಣ, ಹದಿನೈದು ದಿನಕ್ಕೊಂದು ಸಂಚಿಕೆ. ನನ್ನ ವೃತ್ತಿ ಕನ್ನಡದಲ್ಲಿ ಹುಟ್ಟಿದ ಜಾಗ ಇದು. ಆ ಓದುಗನಿಗೆ ಒಂದು ಸಂಚಿಕೆ ಓದಿ ಜಗಲಿಯಲ್ಲಿ ಚರ್ಚಿಸಲು ಹದಿನೈದು ದಿನ ಸಿಗುತ್ತಿತ್ತು. ನಾವು ನಿಮಗೆ ಹದಿನೈದು ಸೆಕೆಂಡೂ ಕೊಡುತ್ತಿಲ್ಲ.

ಹಾಗಾಗಿ ಮಂಗಳೂರಿಗೆ ಹೋದಾಗ ಬೀಚು, ಐಸ್‌ಕ್ರೀಮು ಮುಗಿಸಿಕೊಂಡು ಅರ್ಧ ದಿನ ಎತ್ತಿಡಿ. ಮಳೆಗಾಲ ಬೇಡ, ಡಿಸೆಂಬರ್ ಒಳ್ಳೆಯದು. ಮಕ್ಕಳನ್ನೂ ಕರೆದುಕೊಂಡು ಹೋಗಿ. ಮೊದಲು ಬತ್ತೇರಿ, ಆಮೇಲೆ ಮಿಲಾಗ್ರಿಸ್. ಎರಡರಲ್ಲಿ ಒಂದನ್ನೇ ನೋಡಿ ಮಾತ್ರ ವಾಪಸ್ ಬರಬೇಡಿ.