ಥಾರ್ಬಾಡನ್ನು ಕೆಡವಿದ್ದು ನೆರೆಯೇ?

ಜೆ.ಆರ್.ಆರ್. ಟೋಲ್ಕಿನ್ ಕಟ್ಟಿದ ‘ಮಿಡ್ಲ್ ಅರ್ಥ್’ ಎಂಬ ಕಥಾಲೋಕದಲ್ಲಿ ಥಾರ್ಬಾಡ್ ಒಂದು ಪಾಳೂರು. ಗ್ವಾಥ್ಲೋ ನದಿಯನ್ನು ದಾಟುವ ಜಾಗ ಅದು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954-55) ಕೃತಿಯ ಅನುಬಂಧದಲ್ಲಿರುವ ಕಾಲಾನುಕ್ರಮಣಿಕೆ ಈ ಊರಿನ ಸಾವನ್ನು ಎರಡೇ ಮಾತಿನಲ್ಲಿ ಮುಗಿಸುತ್ತದೆ: ಮೂರನೆಯ ಯುಗದ 2912ರಲ್ಲಿ ಎನೆಡ್ವೈಥ್ ಮತ್ತು ಮಿನ್ಹಿರಿಯಾಥ್ ಸೀಮೆಗಳಲ್ಲಿ ಭಾರಿ ನೆರೆ ಬಂತು, ಥಾರ್ಬಾಡ್ ಹಾಳಾಗಿ ಬರಿದಾಯಿತು. ಓದುಗರಲ್ಲಿ ಬಹುಪಾಲು ಜನ ಇಷ್ಟನ್ನೇ ನಂಬಿ ಮುಂದೆ ಸಾಗುತ್ತಾರೆ. ಆದರೆ ಟೋಲ್ಕಿನ್ನರ ಮಗ ಕ್ರಿಸ್ಟೋಫರ್ 1980ರಲ್ಲಿ ಪ್ರಕಟಿಸಿದ ‘ಅನ್‌ಫಿನಿಶ್ಡ್ ಟೇಲ್ಸ್’ನ ಟಿಪ್ಪಣಿಗಳನ್ನೂ ಅನುಬಂಧದ ಉಳಿದ ಇಸವಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆಯೇ ಚಿತ್ರ ಮೂಡುತ್ತದೆ. ನೆರೆ ಸೇತುವೆಯನ್ನು ಮುರಿದಿರಬಹುದು. ಊರು ಸತ್ತದ್ದು ಮಾತ್ರ ಎರಡೂ ದಡಕ್ಕೆ ವಾರಸುದಾರರಿಲ್ಲದೆ ಹೋದದ್ದರಿಂದ.

ಊರಿನ ನೆಲೆಯನ್ನು ಮೊದಲು ನೋಡಬೇಕು. ಉತ್ತರದಿಂದ ಬರುವ ಮಿಥೆಯ್ಥೆಲ್, ಪೂರ್ವದ ಬೆಟ್ಟಗಳಿಂದ ಇಳಿಯುವ ಗ್ಲಾಂಡುಯಿನ್, ಈ ಎರಡೂ ಹಂಸಗಳು ತುಂಬಿದ ವಿಶಾಲ ಜವುಗಿನಲ್ಲಿ ಕೂಡಿ ಗ್ವಾಥ್ಲೋ ಆಗುತ್ತವೆ. ಅಂಥ ನೆಲದಲ್ಲಿ ಊರು ತಾನಾಗಿ ಬೆಳೆಯುವುದಿಲ್ಲ, ಯಾರಾದರೂ ಕಟ್ಟಬೇಕು. ಉತ್ತರದ ಆರ್ನೋರ್, ದಕ್ಷಿಣದ ಗೊಂಡೋರ್ ಎಂಬ ಸೋದರ ರಾಜ್ಯಗಳು ಸೇರಿ ಕಟ್ಟಿದವು. ಇವೆರಡರ ನಡುವೆ ಹೋಗಿಬರಲು ಮೊದಮೊದಲು ಬೇಗನೆಯ ದಾರಿಯೆಂದರೆ ಸಮುದ್ರದ ಮೇಲೆ ಬಂದು, ನದಿಯಲ್ಲಿ ಥಾರ್ಬಾಡಿನವರೆಗೆ ಏರಿ, ಅಲ್ಲಿಂದ ಹೆದ್ದಾರಿ ಹಿಡಿಯುವುದು. ಅದಕ್ಕಾಗಿ ಬಹುಕಾಲ ದುಡಿದು ಕಡಲ ಹಡಗುಗಳು ತಂಗಬಲ್ಲ ಬಂದರನ್ನು ಇಲ್ಲಿ ಮಾಡಿದರು. ಎರಡೂ ದಡದಲ್ಲಿ ದೊಡ್ಡ ಮಣ್ಣಿನ ದಿಬ್ಬಗಳನ್ನೆಬ್ಬಿಸಿ ಅವುಗಳ ಮೇಲೆ ಕೋಟೆ ಕಟ್ಟಿದರು. ಜವುಗಿನ ಉದ್ದಕ್ಕೂ ಏರಿ ಹಾಕಿ ಅದರ ಮೇಲೆ ರಸ್ತೆ ಒಯ್ದರು. ಸೈನಿಕರು, ನಾವಿಕರು, ಎಂಜಿನಿಯರುಗಳ ದೊಡ್ಡ ಪಡೆಯೊಂದು ಇಲ್ಲೇ ಬೀಡುಬಿಟ್ಟಿತ್ತು. ಎಂಜಿನಿಯರುಗಳು ಎಂಬುದನ್ನು ಗಮನಿಸಿ. ಬರೀ ಶತ್ರುಭಯಕ್ಕಾದರೆ ಸೈನಿಕರು ಸಾಕಿತ್ತು. ಜವುಗಿನಲ್ಲಿ ಏರಿ ಕುಸಿಯುತ್ತಲೇ ಇರುತ್ತದೆ, ಹೂಳು ತುಂಬುತ್ತಲೇ ಇರುತ್ತದೆ. ವರ್ಷವರ್ಷವೂ ದುರಸ್ತಿ ಬೇಡುವ ಊರು ಇದೆಂದು ಕಟ್ಟಿದವರಿಗೆ ಗೊತ್ತಿತ್ತು.

ಆ ಪಡೆ ಅಲ್ಲಿದ್ದದ್ದು ಮೂರನೆಯ ಯುಗದ ಹದಿನೇಳನೆಯ ಶತಮಾನದವರೆಗೆ ಮಾತ್ರ. ಏಕೆ ಎಂಬುದಕ್ಕೆ ಉತ್ತರ ಉಳಿದ ಇಸವಿಗಳಲ್ಲಿದೆ. 861ರಲ್ಲಿ ಆರ್ನೋರ್ ಮೂರು ಹೋಳಾದಾಗ ಉತ್ತರ ದಡ ಕಾರ್ಡೋಲನ್ ಪಾಲಿಗೆ ಬಂತು. ಅದರ ಕೊನೆಯ ರಾಜಕುಮಾರ 1409ರ ಯುದ್ಧದಲ್ಲಿ ಮಡಿದ. 1636ರ ಮಹಾಮಾರಿ ಕಾರ್ಡೋಲನ್ನಿನಲ್ಲಿ ಉಳಿದಿದ್ದ ಜನರಲ್ಲಿ ಹೆಚ್ಚಿನವರನ್ನು, ಮುಖ್ಯವಾಗಿ ಮಿನ್ಹಿರಿಯಾಥಿನಲ್ಲಿ, ಅಳಿಸಿಹಾಕಿತು. ಅದೇ ಪಿಡುಗಿಗೆ ಗೊಂಡೋರಿನ ದೊರೆ ಟೆಲೆಮ್ನಾರ್ ಮಕ್ಕಳ ಸಮೇತ ಬಲಿಯಾದ. 1640ರಲ್ಲಿ ರಾಜಧಾನಿಯೇ ಒಸ್ಗಿಲಿಯಾಥ್ ಬಿಟ್ಟು ಮಿನಾಸ್ ಅನೋರಿಗೆ ಹೋಯಿತು. ತನ್ನ ಮನೆಯನ್ನೇ ಕಾಯಲಾಗದ ರಾಜ್ಯ ದೂರದ ನದಿಯ ಏರಿಯನ್ನು ಕಾದೀತೇ? 1974ರಲ್ಲಿ ಉತ್ತರದ ಕೊನೆಯ ರಾಜಧಾನಿ ಫೋರ್ನೋಸ್ಟ್ ಬಿತ್ತು. 2510ರಲ್ಲಿ ಗೊಂಡೋರ್ ತನ್ನ ವಾಯವ್ಯ ಪ್ರಾಂತವನ್ನು ರೋಹನ್ನಿನ ಕುದುರೆ ಸವಾರರಿಗೆ ಬಿಟ್ಟುಕೊಟ್ಟಿತು. ಅಲ್ಲಿಗೆ ದಕ್ಷಿಣ ದಡವನ್ನು ನಮ್ಮದು ಎನ್ನುವ ದೊರೆಯೂ ಇಲ್ಲವಾದ. ನೆರೆಗೆ ಇನ್ನೂ 402 ವರ್ಷ ಬಾಕಿಯಿತ್ತು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಪಡೆ ಹೋದ ಮೇಲೂ ಊರು ಸಾವಿರಕ್ಕೂ ಹೆಚ್ಚು ವರ್ಷ ಬದುಕಿತ್ತಲ್ಲ, ಹಾಗಾದರೆ ನೆರೆ ಬಾರದಿದ್ದರೆ ಇನ್ನೂ ಬದುಕುತ್ತಿತ್ತು ಎಂದೇ ಅರ್ಥವಲ್ಲವೇ? ಬದುಕಿತ್ತು, ನಿಜ. ಆದರೆ ಹಿಂದಿನವರು ಕೂಡಿಟ್ಟ ಗಂಟನ್ನು ಕರಗಿಸುತ್ತ ಬದುಕುವುದೂ ಬದುಕೇ. ನೋಡಬೇಕಾದ್ದು ನೆರೆಯ ಮರುವರ್ಷವನ್ನು. 2911ರ ಘೋರ ಚಳಿಗಾಲದಲ್ಲಿ ನದಿಗಳೇ ಹೆಪ್ಪುಗಟ್ಟಿದ್ದವು. ಅದರ ಬೆನ್ನಿಗೇ ನೆರೆ ಬಂತು. ಹೊಳೆದಂಡೆಯ ಊರುಗಳಿಗೆ ಇದು ಹೊಸತಲ್ಲ. ನೀರು ಇಳಿದ ಮೇಲೆ ಜನ ಮರಳಿ ಬರುತ್ತಾರೆ, ಸೇತುವೆ ಮತ್ತೆ ಏಳುತ್ತದೆ, ಏಕೆಂದರೆ ಆಚೆ ದಡಕ್ಕೆ ಹೋಗಬೇಕಾದವರು ಇರುತ್ತಾರೆ. ಥಾರ್ಬಾಡಿಗೆ ಯಾರೂ ಮರಳಲಿಲ್ಲ. ನೀರು ಊರನ್ನು ಮುಳುಗಿಸಬಲ್ಲದು, ಆದರೆ ಮತ್ತೆ ಕಟ್ಟಬೇಡಿ ಎಂದು ಅದು ಯಾರನ್ನೂ ತಡೆಯದು.

ಜಾಗವೇ ಕಷ್ಟದ್ದು, ಮತ್ತೆ ಕಟ್ಟಲು ಬರುವಂಥದ್ದಲ್ಲ ಎಂಬ ವಾದಕ್ಕೆ ಅದೇ ಕೃತಿಯ ಪಾತ್ರ ಬೊರೊಮಿರನ ಪ್ರಯಾಣವೇ ಉತ್ತರ. 3018ರ ಜುಲೈ 4ರಂದು ಗೊಂಡೋರಿನಿಂದ ಹೊರಟ ಆತ ಉತ್ತರದ ರಿವೆಂಡೆಲ್ ತಲುಪಿದ್ದು ಅಕ್ಟೋಬರ್ 24ರ ರಾತ್ರಿ. ಥಾರ್ಬಾಡಿನಲ್ಲಿ ಹೊಳೆ ಹಾಯುವಾಗ ಕುದುರೆಯನ್ನು ಕಳೆದುಕೊಂಡ. ಟಿಪ್ಪಣಿಗಳು ಆ ಜಾಗವನ್ನು ಹತ್ತಿರದಿಂದ ತೋರಿಸುತ್ತವೆ: ಶಿಥಿಲವಾದ ಏರಿಯ ತುಂಡುಗಳು, ಕರಗುತ್ತಿರುವ ದಿಬ್ಬಗಳ ಮೇಲೆ ಪಾಳು ಗೋಡೆ, ಸೇತುವೆಯ ಅವಶೇಷವೇ ಬಿದ್ದು ಆದ ಅಪಾಯದ ಹಾಯುದಾರಿ. ನದಿ ಅಲ್ಲಿ ಅಗಲ, ಆದರೆ ನಿಧಾನ, ಆಳವೂ ಇಲ್ಲ. ಹಾಗಿಲ್ಲದಿದ್ದರೆ ದಾಟುವುದೇ ಸಾಧ್ಯವಿರಲಿಲ್ಲ. ಅಂದರೆ ಹೊಳೆ ಸೌಮ್ಯವಾಗಿಯೇ ಇತ್ತು. ಅಪಾಯ ಬಂದದ್ದು, ಒಂದು ಕಾಲಕ್ಕೆ ದಾರಿಯಾಗಿದ್ದು ಬಿದ್ದಮೇಲೆ ಯಾರೂ ಎತ್ತದ ಅವಶೇಷಗಳಿಂದ.

ಕಟ್ಟುಕಥೆಯ ಊರಿಗೆ ಕಾರಣ ಹುಡುಕುವುದೇಕೆ, ನೆರೆ ಎಂದು ಲೇಖಕರೇ ಬರೆದಿಲ್ಲವೇ ಎಂದೂ ಕೇಳಬಹುದು. ನೆರೆಯನ್ನು ಬರೆದವರೇ ಪಡೆಯ ನಿರ್ಗಮನವನ್ನೂ ಮಹಾಮಾರಿಯನ್ನೂ ರಾಜಧಾನಿಯ ಸ್ಥಳಾಂತರವನ್ನೂ ಬರೆದಿದ್ದಾರೆ. ಹದಿನೇಳನೆಯ ಶತಮಾನದಿಂದಾಚೆ ಆ ಸೀಮೆ ಬೇಗಬೇಗನೆ ಹಾಳಾಯಿತೆಂದು ಹೇಳಿದವರೂ ಅವರೇ. ಒಂದು ಸಾಲನ್ನು ಒಪ್ಪಿ ಉಳಿದವನ್ನು ಬದಿಗಿಡುವುದು ನ್ಯಾಯವಲ್ಲ. ಅನುಬಂಧ ತೆರೆದಾಗ 2912ರ ಸಾಲಿನಲ್ಲೇ ನಿಲ್ಲಬೇಡಿ. 1409, 1640, 2510 ಇವುಗಳನ್ನು ಓದಿಕೊಂಡು ಆಮೇಲೆ ಅಲ್ಲಿಗೆ ಬನ್ನಿ.