ಆಸೆ ಬಿಡಿ, ಆಸೆ ಕೇಳಿ

"ಇನ್ನು ಆಸೆ ಇಟ್ಕೋಬೇಡಿ. ಮನೆಗೆ ಕರ್ಕೊಂಡು ಹೋಗಿ, ಆಸೆಪಟ್ಟಿದ್ದು ಮಾಡಿ ಹಾಕಿ."

ನಮ್ಮ ಆಸ್ಪತ್ರೆಗಳ ಕಾರಿಡಾರುಗಳಲ್ಲಿ ತಲೆಮಾರುಗಳಿಂದ ಓಡಾಡುತ್ತಿರುವ ಮಾತಿದು. ಮೊದಲ ವಾಕ್ಯದಲ್ಲಿ ಕಿತ್ತುಕೊಂಡ ಆಸೆಯನ್ನು ವೈದ್ಯರು ಎರಡನೆಯದರಲ್ಲಿ ವಾಪಸು ಕೊಟ್ಟಿರುತ್ತಾರೆ. ಹೇಳಿದವರಿಗೂ ಕೇಳಿದವರಿಗೂ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಬದುಕಿ ಉಳಿಯುವ ಆಸೆಯೂ ಹುರುಳಿಕಾಳು ಸಾರಿನ ಆಸೆಯೂ ಕನ್ನಡದಲ್ಲಿ ಒಂದೇ.

ಸಂಸ್ಕೃತದ ಆಶಾ ನಮ್ಮ ಬಾಯಲ್ಲಿ ಆಸೆಯಾಯಿತು, ಕೆಟ್ಟ ಹೆಸರನ್ನೂ ಹೊತ್ತಿತು. ಬುದ್ಧನ ಪಾಠ ಓದಿದ ಮಕ್ಕಳೆಲ್ಲ ಆಸೆಯೇ ದುಃಖಕ್ಕೆ ಮೂಲವೆಂದು ಪರೀಕ್ಷೆಯಲ್ಲಿ ಬರೆದಿದ್ದಾರೆ. ವಚನಕಾರರು ಅದನ್ನು ಮಾಯೆಯ ಪಕ್ಕ ಕೂರಿಸಿದರು. ಮನೆಮಾತಿನಲ್ಲಿ ದುರಾಸೆ, ಆಸೆಬುರುಕ ಎಂಬ ಬೈಗುಳಗಳು. ಮರ್ಯಾದೆಯೆಲ್ಲ ಭರವಸೆ ಎಂಬ ಪದದ ಪಾಲಾಯಿತು. ಆದರೆ ಭರವಸೆಯನ್ನು ಇನ್ನೊಬ್ಬರು ಕೊಡಬೇಕು: ಮಂತ್ರಿ ಕೊಡುತ್ತಾರೆ, ಬಿಲ್ಡರ್ ಕೊಡುತ್ತಾನೆ, ಡಾಕ್ಟರು ಕೊಡಲಾರೆ ಎನ್ನುತ್ತಾರೆ. ಆಸೆ ಹಾಗಲ್ಲ, ಒಳಗಿನಿಂದ ಹುಟ್ಟುತ್ತದೆ. ರೋಗ ವಾಸಿಯಾಗದ ಹಂತದಲ್ಲಿ ಭರವಸೆ ಕೊಡುವವರು ಒಬ್ಬೊಬ್ಬರಾಗಿ ಹಿಂದೆ ಸರಿದ ಮೇಲೂ ಉಳಿಯುವುದು ಈ ಬೈಸಿಕೊಂಡ ಪದವೇ. ಅದರ ಜೊತೆ ನಾವು ಯಾವ ಕ್ರಿಯಾಪದ ಹಚ್ಚುತ್ತೇವೆ ಎಂಬುದರ ಮೇಲೆ ರೋಗಿಯ ಕೊನೆಯ ತಿಂಗಳುಗಳು ನಿಂತಿವೆ.

ಮೊದಲನೆಯದು, ಆಸೆ ತೋರಿಸುವುದು. ಇದನ್ನು ಮೋಸಗಾರರು ಮಾತ್ರ ಮಾಡುತ್ತಾರೆಂದು ತಿಳಿಯಬೇಕಿಲ್ಲ. ಅಮೆರಿಕದ ಶಿಕಾಗೋದಲ್ಲಿ ಕೊನೆಗಾಲದ ಆರೈಕೆಯ ಹಾಸ್ಪೈಸ್ ಸೇರಿದ 468 ರೋಗಿಗಳು ಇನ್ನೆಷ್ಟು ದಿನ ಇರುತ್ತಾರೆಂದು ಅವರವರ ವೈದ್ಯರನ್ನೇ ಕೇಳಿ ಕ್ರಿಸ್ಟಾಕಿಸ್ ಮತ್ತು ಲಾಮಾಂಟ್ ಎಂಬಿಬ್ಬರು ದಾಖಲಿಸಿದರು. 2000ದಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೂರಕ್ಕೆ 63 ಅಂದಾಜುಗಳು ಅತಿಯಾದ ಆಸೆಯವೇ; ಒಟ್ಟಾರೆ ನೋಡಿದರೆ ವೈದ್ಯರು ಹೇಳಿದ್ದು ನಿಜವಾದ ಆಯುಸ್ಸಿನ ಐದು ಪಟ್ಟಿಗೂ ಹೆಚ್ಚು. ರೋಗಿಯನ್ನು ಬಹುಕಾಲದಿಂದ ಬಲ್ಲ ವೈದ್ಯರ ಅಂದಾಜು ಇನ್ನೂ ಹೆಚ್ಚು ತಪ್ಪಿತ್ತು. ಒಡನಾಟ ಲೆಕ್ಕವನ್ನು ಕೆಡಿಸುತ್ತದೆ. ವೈದ್ಯರದೇ ಹೀಗಾದರೆ ಮನೆಯವರದು ಹೇಗಿದ್ದೀತು? ತೋರಿಸಿದ ಆಸೆಯ ಬೆನ್ನು ಹತ್ತಿ ಹೊಲ ಮಾರಿ ಮತ್ತೊಂದು ಸುತ್ತು ಕೀಮೋ ಕೊಡಿಸುತ್ತಾರೆ, ಮಾತಾಡಬಹುದಾಗಿದ್ದ ವಾರಗಳು ವಾರ್ಡಿನಲ್ಲಿ ಕಳೆದುಹೋಗುತ್ತವೆ.

ಎರಡನೆಯದು, ಆಸೆ ಬಿಡುವುದು. "ಅವರಿಗೆ ಹೇಳ್ಬೇಡಿ ಡಾಕ್ಟ್ರೇ, ಆಸೆ ಬಿಟ್ಬಿಡ್ತಾರೆ" ಎಂದು ಮಗ ಬಾಗಿಲಾಚೆ ಕೈಮುಗಿಯುತ್ತಾನೆ. ಒಳಗೆ ತಾಯಿ ನರ್ಸಿಗೆ, "ನಂಗೆ ಗೊತ್ತಾಗಿದೆ, ಮಗನಿಗೆ ಹೇಳ್ಬೇಡಮ್ಮ" ಎನ್ನುತ್ತಾಳೆ. ನೋವು, ಸಂಕಟ ತಗ್ಗಿಸುವ ಆರೈಕೆಯಾದ ಪ್ಯಾಲಿಯೇಟಿವ್ ಕೇರ್‌ನವರಿಗೆ ಈ ಜೋಡಿ ಗುಟ್ಟು ತೀರಾ ಪರಿಚಿತ. ಇಬ್ಬರೂ ಇನ್ನೊಬ್ಬರ ಆಸೆ ಕಾಯಲು ಹೋಗಿ ತಮ್ಮ ತಮ್ಮ ಆಸೆಯನ್ನು ಬಾಯಿಬಿಟ್ಟು ಹೇಳದೆ ಉಳಿಯುತ್ತಾರೆ. ಪ್ಯಾಲಿಯೇಟಿವ್ ಕೇರ್ ಎಂದೊಡನೆ ಮನೆಯವರು ಹಿಂಜರಿಯುವುದಕ್ಕೂ ಇದೇ ಕಾರಣ. ಅಲ್ಲಿಗೆ ಹೋಗುವುದೆಂದರೆ ಆಸೆ ಬಿಟ್ಟಂತೆ ಎಂಬ ಭಯ. 2010ರಲ್ಲಿ ಬಾಸ್ಟನ್ನಿನಿಂದ ಬಂದ ಅಧ್ಯಯನ ಈ ಭಯಕ್ಕೆ ಒಳ್ಳೆಯ ಉತ್ತರ. ದೇಹದ ಬೇರೆಡೆಗೂ ಹಬ್ಬಿದ್ದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ರೋಗಿಗಳಲ್ಲಿ, ಮೊದಲಿನಿಂದಲೇ ಚಿಕಿತ್ಸೆಯ ಜೊತೆಗೆ ಈ ಆರೈಕೆಯನ್ನೂ ಪಡೆದವರ ಖಿನ್ನತೆ ಕಡಿಮೆಯಿತ್ತು, ಕೊನೆಯ ದಿನಗಳಲ್ಲಿ ಉಗ್ರ ಚಿಕಿತ್ಸೆಗೆ ಸಿಕ್ಕವರೂ ಕಡಿಮೆ. ಆದರೂ ಅವರು ಬದುಕಿದ ಮಧ್ಯಮ ಅವಧಿ 11.6 ತಿಂಗಳು, ಉಳಿದವರದು 8.9.

ಮೂರನೆಯ ಕ್ರಿಯಾಪದ ಕೇಳುವುದು. ಕಷ್ಟ ಇರುವುದು ಇಲ್ಲಿ. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ವೈದ್ಯ ಕ್ರಿಸ್ ಫ್ಯೂಟ್ನರ್ 2009ರಲ್ಲಿ ತಮ್ಮ ಕ್ರಮವನ್ನು ಬರೆದಿದ್ದಾರೆ. ಗುಣವಾಗದ ಕಾಯಿಲೆಯ ಮಗುವಿನ ತಂದೆತಾಯಿಯನ್ನು ನಿಮಗೇನು ಆಸೆ ಎಂದು ಕೇಳಿದರೆ ಮೊದಲ ಉತ್ತರ ಪವಾಡ. ಫ್ಯೂಟ್ನರ್ ಅದನ್ನು ಅಲ್ಲಗಳೆಯುವುದಿಲ್ಲ, ಇನ್ನೇನು ಎಂದು ಮತ್ತೆ ಕೇಳುತ್ತಾರೆ. ಆಗ ನೋವಿಲ್ಲದಿರಲಿ, ಮನೆಯಲ್ಲಿರಲಿ ಎಂಬ ಆಸೆಗಳು ಹೊರಗೆ ಬರುತ್ತವೆ. ಕೈಗೂಡಿಸಬಹುದಾದವು ಅವು. ಪವಾಡದ ಆಸೆ ಅದರ ಪಾಡಿಗೆ ದೇವರ ಗೂಡಿನಲ್ಲಿ ಇರಬಹುದು. ಅದನ್ನು ಅಲ್ಲಿಂದ ಕಿತ್ತು ತೆಗೆಯಬೇಕೆಂದು ಯಾರೂ ಹಟ ಹಿಡಿಯಬೇಕಿಲ್ಲ.

ಕೇಳುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಮೂಳೆಗೆ ಹಬ್ಬಿದ ಕ್ಯಾನ್ಸರಿನಿಂದ ರಾತ್ರಿಯಿಡೀ ಚೀರುವವರಿಗೆ ಆಸೆಯೆಂದರೆ ಸಾವೊಂದೇ. ಬಾಯಿಯಿಂದ ನುಂಗುವ ಮಾರ್ಫಿನ್ ದುಬಾರಿಯಲ್ಲ. ಆದರೆ 1985ರ ಮಾದಕವಸ್ತು ಕಾನೂನಿನ ಪರವಾನಗಿಗಳ ಗೋಜಲಿಗೆ ಹೆದರಿ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟಿದ್ದವು; ಗಂಟು ಸಡಿಲಿಸಲು 2014ರ ತಿದ್ದುಪಡಿಯೇ ಬರಬೇಕಾಯಿತು. ಬೆಂಗಳೂರಿನ ಮಾರತ್ತಹಳ್ಳಿ ಬಳಿಯ ಕರುಣಾಶ್ರಯ ಹಾಸ್ಪೈಸಿನಂಥ ಕಡೆ ಉಚಿತವಾಗಿ ನಡೆಯುವ ಕೆಲಸದ ತಳಹದಿ ಇದೇ: ಮೊದಲು ನೋವು ಇಳಿಸು, ಹುಣ್ಣು ತೊಳೆ, ನಿದ್ದೆ ಬರಿಸು. ನಿದ್ದೆ ಮಾಡಿ ಎದ್ದವರು ಕಾಫಿ ಕೇಳುತ್ತಾರೆ. ಮಗಳಿಗೆ ಫೋನು ಹಚ್ಚಿ ಎನ್ನುತ್ತಾರೆ.

ಕಾನೂನು ಕೂಡ ಕೇಳಲು ಕಲಿಯುತ್ತಿದೆ. ಸುಪ್ರೀಂ ಕೋರ್ಟು 2018ರಲ್ಲಿ, ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮೊದಲೇ ಬರೆದಿಡುವ ಲಿವಿಂಗ್ ವಿಲ್‌ಗೆ ಒಪ್ಪಿಗೆ ಕೊಟ್ಟು 2023ರಲ್ಲಿ ನಿಯಮಗಳನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಬೇಕಾದ ಕಾಗದವೇ. ಆದರೆ ಅದರಲ್ಲಿ ಬರೆಯುವುದು ಹೆಚ್ಚಾಗಿ ಬೇಡವಾದದ್ದನ್ನು: ವೆಂಟಿಲೇಟರ್ ಬೇಡ, ಕೊಳವೆ ಬೇಡ. ಬೇಕಾದದ್ದನ್ನು ಬಾಯಿಬಿಟ್ಟೇ ಕೇಳಬೇಕು.

ಕೊನೆಯದು ತೀರುವುದು. ಸಾಲ ತೀರುತ್ತದೆ, ಆಸೆ ತೀರುತ್ತದೆ, ಮನುಷ್ಯ ತೀರಿಕೊಳ್ಳುತ್ತಾನೆ. ಕನ್ನಡ ಈ ಮೂರಕ್ಕೂ ಒಂದೇ ಧಾತುವನ್ನು ಸಾಕು ಮಾಡಿಕೊಂಡಿದೆ. ಆಸೆಪಟ್ಟು ಕೇಳಿದ ಮಾವಿನಹಣ್ಣನ್ನು ರೋಗಿ ನಾಲಿಗೆಗೆ ಹಚ್ಚಿಕೊಂಡು ಸಾಕು ಎಂದರೆ ಮನೆಯವರಿಗೆ ಸಂಕಟ: ಇನ್ನೆರಡು ತುತ್ತು, ನನ್ನಾಣೆ. ಮುಗಿಯುತ್ತ ಬಂದ ದೇಹಕ್ಕೆ ಹಸಿವು ತಾನಾಗಿ ಅಡಗುತ್ತದೆ. ಒತ್ತಾಯದ ತುತ್ತು ಶಕ್ತಿ ಕೊಡುವುದಿಲ್ಲ, ನೆತ್ತಿಗೇರುತ್ತದೆ. ರೋಗಿಯ ಆಸೆ ಆ ರುಚಿಗೇ ತೀರಿದೆ. ಮಿಕ್ಕ ಎರಡು ತುತ್ತು ಉಣಿಸುವವರ ಆಸೆ. ಅದೂ ಆಸೆಯೇ, ಅದಕ್ಕೂ ಒಂದು ದಾರಿ ಬೇಕು: ತುಟಿ ಒದ್ದೆ ಮಾಡಬಹುದು, ಕಾಲು ಒತ್ತಬಹುದು.

ಎಲ್ಲ ಮುಗಿದು ಎಡೆ ಇಟ್ಟ ದಿನ ಕಾಗೆ ಬಂದು ಮುಟ್ಟದಿದ್ದರೆ, ಏನೋ ಆಸೆ ಉಳಿದಿದೆ ಎಂದು ಬಂಧುಗಳು ಕಸಿವಿಸಿಗೊಳ್ಳುತ್ತಾರೆ. ಸಣ್ಣವಳ ಮದುವೆ ಮಾಡ್ತೀವಿ, ಜಗಳ ಬಿಡ್ತೀವಿ ಎಂದು ಒಂದೊಂದೇ ಊಹಿಸಿ ಕೂಗುತ್ತಾರೆ. ನಮ್ಮ ಕುಟುಂಬಗಳಲ್ಲಿ ಹೋದವರ ಆಸೆಯ ಬಗ್ಗೆ ಎಲ್ಲರೂ ಕೂಡಿ ಬಾಯಿಬಿಟ್ಟು ಮಾತಾಡುವುದು ಹೆಚ್ಚಾಗಿ ಅಂದೇ. ಕೇಳುವುದು ನಮಗೆ ಬಾರದ ವಿದ್ಯೆಯೇನಲ್ಲ, ಹೊತ್ತು ಮೀರಿ ಕೇಳುತ್ತೇವೆ ಅಷ್ಟೇ. ಕೆಲವು ವಾರ ಮೊದಲೇ, ಹಾಸಿಗೆಯ ಪಕ್ಕದಲ್ಲಿ ಕೂತು ಕೇಳಿದ್ದರೆ ಉತ್ತರ ಅವರದೇ ಆಗಿರುತ್ತಿತ್ತು. ಕಾಗೆಯ ಮುಂದೆ ಕೂಗಿ ಹೇಳುವುದೆಲ್ಲ ನಮ್ಮ ಊಹೆ.