ನಡೆದು ಉಳಿದವರು, ನಿಂತು ಉಳಿದವರು

ಸೋಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಕಾರಣದಿಂದ ಚೀನಾದ ಕ್ರಾಂತಿ ಜುಗೂಳ, ಕಾಗವಾಡ, ಅಥಣಿ ಕಡೆಯ ನಮಗೆ ಪೂರ್ತಿ ಪರಕೀಯವಲ್ಲ. 1938ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ವೈದ್ಯರಲ್ಲಿ ಅವರೊಬ್ಬರು. ಮರುವರ್ಷ ಕಮ್ಯುನಿಸ್ಟರ ನೆಲೆಯಾಗಿದ್ದ ಯೆನಾನ್ ತಲುಪಿ, ಅವರ ಸೇನೆಯ ಗಾಯಾಳುಗಳಿಗೆ ಚಿಕಿತ್ಸೆ ಮಾಡುತ್ತಲೇ 1942ರ ಡಿಸೆಂಬರ್ 9ರಂದು ಚೀನಾದಲ್ಲೇ ತೀರಿಕೊಂಡರು. ಅವರು ಕಂಡದ್ದು ಸಾವಿನ ದವಡೆಯಿಂದ ಪಾರಾಗಿ ಬಂದಿದ್ದ ಸೇನೆಯನ್ನು. ಅದು ಪಾರಾದದ್ದು ಹೇಗೆ ಎಂಬುದಕ್ಕೆ ಒಂದೊಂದು ತಲೆಮಾರಿನ ಬರಹಗಾರರು ಒಂದೊಂದು ಉತ್ತರ ಕೊಟ್ಟಿದ್ದಾರೆ.

1927ರ ಏಪ್ರಿಲ್ 12ರಂದು ರಾಷ್ಟ್ರೀಯವಾದಿ ಪಕ್ಷ ಕುವೊಮಿಂಟಾಂಗಿನ ನಾಯಕ ಚಿಯಾಂಗ್ ಕೈ ಶೇಕ್ ಶಾಂಘಾಯಿಯಲ್ಲಿ ತನ್ನ ಮಿತ್ರರಾಗಿದ್ದ ಕಮ್ಯುನಿಸ್ಟರ ಮಾರಣಹೋಮ ಆರಂಭಿಸಿದ. ಆ ವರ್ಷ ಮಾಸ್ಕೋದ ಅಂತರರಾಷ್ಟ್ರೀಯ ಕಮ್ಯುನಿಸ್ಟ್ ಸಂಘಟನೆಯಾದ ಕಾಮಿಂಟರ್ನ್ ಪ್ರತಿನಿಧಿಯಾಗಿ ಚೀನಾದಲ್ಲಿದ್ದ ನಮ್ಮ ಎಂ. ಎನ್. ರಾಯ್, ಸ್ಟಾಲಿನ್ನನ ಗುಪ್ತ ತಂತಿಯನ್ನು ಕುವೊಮಿಂಟಾಂಗಿನ ಎಡಪಂಥೀಯ ನಾಯಕ ವಾಂಗ್ ಜಿಂಗ್‌ವೇಗೆ ತೋರಿಸಿ ಕಮ್ಯುನಿಸ್ಟರೊಂದಿಗಿನ ಮೈತ್ರಿ ಮುರಿಯಲು ನೆಪ ಒದಗಿಸಿದರು. ಮೊದಲ ಬರಹಗಳೆಲ್ಲ ಈ ಸೋಲಿನ ಹೊಣೆ ಯಾರದೆಂಬ ಜಗಳವೇ. ಪತ್ರಕರ್ತ ಹೆರಾಲ್ಡ್ ಐಸಾಕ್ಸ್ 1938ರ ತಮ್ಮ ಪುಸ್ತಕದಲ್ಲಿ ಮಾಸ್ಕೋವನ್ನೇ ದೂರಿದರು.

ಅಷ್ಟರಲ್ಲಿ ಅಮೆರಿಕದ ಪತ್ರಕರ್ತ ಎಡ್ಗರ್ ಸ್ನೋ 1936ರಲ್ಲಿ ಮಾವೋನನ್ನು ಭೇಟಿಯಾಗಿ ಬಂದು, 1937ರಲ್ಲಿ ಪುಸ್ತಕ ಪ್ರಕಟಿಸಿದ್ದರು. 1934ರ ಅಕ್ಟೋಬರಿನಲ್ಲಿ ಜಿಯಾಂಗ್‌ಶಿಯಿಂದ ಹೊರಟ ಕಮ್ಯುನಿಸ್ಟ್ ಸೇನೆಯ ಸುಮಾರು 86,000 ಮಂದಿಯಲ್ಲಿ ವರ್ಷದ ನಂತರ ಶಾನ್‌ಶಿ ಮುಟ್ಟಿದವರು ಹತ್ತು ಸಾವಿರಕ್ಕೂ ಕಡಿಮೆ. ಈ ದೀರ್ಘ ನಡಿಗೆಯನ್ನು ಸ್ನೋ ವೀರಗಾಥೆಯಾಗಿಸಿದರು. ಮುಂದಿನ ಹಲವು ದಶಕ ಜಗತ್ತು ಓದಿದ್ದು ಬಹುಮಟ್ಟಿಗೆ ಅದನ್ನೇ.

ವಿಶ್ವವಿದ್ಯಾಲಯಗಳ ಪಂಡಿತರು ಆಮೇಲೆ ಬಂದರು. ಮಾವೋನ ದಾರಿ ಮಾಸ್ಕೋದ ಪಾಠವಲ್ಲ, ಹಳ್ಳಿಗಾಡಿನ ಅನಿವಾರ್ಯದಿಂದ ಹುಟ್ಟಿದ್ದು ಎಂದು ಬೆಂಜಮಿನ್ ಶ್ವಾರ್ಟ್ಸ್ 1951ರಲ್ಲಿ ವಾದಿಸಿದರು. ರೈತರನ್ನು ಪಕ್ಷದ ಕಡೆ ತಂದದ್ದು ಜಪಾನೀ ದಾಳಿ ಎಂದರು ಚಾಲ್ಮರ್ಸ್ ಜಾನ್ಸನ್ (1962). ಯೆನಾನಿನ ಸುಧಾರಣೆಗಳು ಎಂದರು ಮಾರ್ಕ್ ಸೆಲ್ಡನ್ (1971). ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಜಪಾನೀಯರ ಪೂರ್ಣ ಯುದ್ಧಕ್ಕೂ ಯೆನಾನಿಗೂ ಮೊದಲಿನ ಹತ್ತು ವರ್ಷವನ್ನು ಇವೆರಡೂ ವಿವರಿಸಲಾರವು.

ಆ ವರ್ಷಗಳಿಗೆ ನ್ಯಾಯ ಕೊಟ್ಟವರು ಗ್ರೆಗರ್ ಬೆಂಟನ್. 1992ರ ಅವರ ಗ್ರಂಥ ನಡಿಗೆ ಸೇರದೆ ಹಿಂದೆ ಉಳಿದವರದ್ದು. ಶಿಯಾಂಗ್ ಯಿಂಗ್, ಚೆನ್ ಯಿ ಮೊದಲಾದವರು ಮೂರು ವರ್ಷ ದಕ್ಷಿಣದ ಕಾಡುಗುಡ್ಡಗಳಲ್ಲಿ ಅಡಗಿ ಕಾದಾಡಿದರು. ಕುವೊಮಿಂಟಾಂಗ್ ಸೇನೆ ಹಳ್ಳಿಗಳನ್ನು ಖಾಲಿ ಮಾಡಿಸಿ, ಅಕ್ಕಿ ಉಪ್ಪು ಬೆಟ್ಟಕ್ಕೆ ಹೋಗದಂತೆ ತಡೆಯಿತು. ಸಿಕ್ಕಿಬಿದ್ದರೆ ತಲೆ ಹೋಗುತ್ತದೆಂದು ಗೊತ್ತಿದ್ದೂ ಹಳ್ಳಿಗರು ಕದ್ದುಮುಚ್ಚಿ ಸಾಗಿಸಿದರು. ಅಳಿದುಳಿದ ಈ ತುಕಡಿಗಳನ್ನು ಕೂಡಿಸಿಯೇ ಹೊಸ ನಾಲ್ಕನೇ ಸೇನೆ ಕಟ್ಟಿದ್ದು. ನನ್ನ ಮಟ್ಟಿಗೆ ಇದು ದೀರ್ಘ ನಡಿಗೆಗಿಂತ ದೊಡ್ಡ ಸಾಹಸ.

ಸ್ಟೀಫನ್ ಅವೆರಿಲ್ ಇನ್ನೂ ಹಿಂದಕ್ಕೆ, ಜಿಂಗ್ಗಾಂಗ್ ಬೆಟ್ಟಕ್ಕೆ ಹೋದರು. ಕುಲಗಳ ಹಗೆ, ಗುಡ್ಡದವರಿಗೂ ಬಯಲಿನವರಿಗೂ ಇದ್ದ ತಿಕ್ಕಾಟ, ಡಕಾಯಿತರ ನಂಟು ಇವುಗಳ ನಡುವೆ ಪಕ್ಷ ಬೇರೂರಿದ್ದನ್ನು 2006ರ ಅವರ ಪುಸ್ತಕ ಬಿಡಿಸಿಡುತ್ತದೆ. 1927ರಲ್ಲಿ ಸೋತು ಬಂದ ಮಾವೋಗೆ ಅಲ್ಲಿ ನೆಲೆ ಕೊಟ್ಟವರು ಸ್ಥಳೀಯ ದಂಡುಗಳ ನಾಯಕರಾದ ಯುವಾನ್ ವೆನ್‌ತ್ಸಾಯ್ ಮತ್ತು ವಾಂಗ್ ತ್ಸುವೊ. 1930ರಲ್ಲಿ ಅವರಿಬ್ಬರನ್ನೂ ಕೊಲ್ಲಿಸಿದ್ದು ಪಕ್ಷವೇ.